ಕಛೇರಿಯ ಕಳೆ ಬಣ್ಣಿಸಲು ನೆರವಾಗುವ ನಿಘಂಟು

ನೇರ ಸಂಗೀತ ಕಛೇರಿಯ ಕಳೆಯನ್ನು ಇಂಗ್ಲಿಷಿನಲ್ಲಿ ಬಣ್ಣಿಸಬೇಕಾದಾಗ ನಾನು ಮೊದಲು ತೆರೆಯುವುದು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ಎಂಬ ಉಚಿತ ಜಾಲತಾಣವನ್ನು. ‘ಎಲೆಕ್ಟ್ರಿಕ್’ ಎಂದರೆ ಬರೀ ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲ, ಸಭೆಯಲ್ಲಿ ಮಿಂಚು ಹರಿದಂಥ ರೋಮಾಂಚನವೂ ಹೌದು ಎಂಬುದನ್ನು ಅದು ವಾಕ್ಯದಲ್ಲಿಟ್ಟು ತೋರಿಸುತ್ತದೆ. ಬ್ರಿಟಿಷ್ ಹಾಗೂ ಅಮೆರಿಕನ್ ಉಚ್ಚಾರಣೆಗಳನ್ನು ಬೇರೆಬೇರೆಯಾಗಿ ಕೇಳಿಸುತ್ತದೆ. ‘ಆಂಕೋರ್’ ಪದಕ್ಕಂತೂ ಈ ಸೌಲಭ್ಯ ಅತ್ಯಗತ್ಯ, ಏಕೆಂದರೆ ಫ್ರೆಂಚಿನಿಂದ ಬಂದ ಈ ಮಾತನ್ನು ಅಕ್ಷರ ನೋಡಿ ಓದಿದರೆ ತಪ್ಪುತ್ತೇವೆ. ‘ಇನ್ನೊಮ್ಮೆ’ ಎಂಬರ್ಥದಲ್ಲಿ ಇಂಗ್ಲಿಷ್ ಶ್ರೋತೃಗಳು ಇದನ್ನು ಕೂಗಿದರೆ, ಫ್ರಾನ್ಸಿನವರು ಅದೇ ಗಳಿಗೆಯಲ್ಲಿ ‘ಬಿಸ್’ ಎನ್ನುತ್ತಾರೆಂಬುದು ಸ್ವಾರಸ್ಯದ ಸಂಗತಿ. ಚಿಕ್ಕ ಸಭಾಂಗಣದ ಆಪ್ತತೆಗೆ ‘ಇಂಟಿಮೇಟ್’ ಒಪ್ಪುತ್ತದೆ. ಅರ್ಥವಿವರಣೆಯೂ ಇಂಗ್ಲಿಷಿನಲ್ಲೇ ಇರುವುದರಿಂದ, ಹೊಸದಾಗಿ ಕಲಿಯುವವರು ಕನ್ನಡ ನಿಘಂಟೊಂದನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.