ಬರೆಯೋಕೆ ಶುರು ಮಾಡೋರಿಗೆ ಬ್ಲಾಗರ್ ಸಾಕಾ? ಎರಡು ವರ್ಷ ಬಳಸಿದ ಮೇಲೆ

ಬ್ಲಾಗರ್ ಅಂದರೆ ಗೂಗಲ್‌ನ ಪುಕ್ಕಟೆ ಬ್ಲಾಗ್ ತಾಣ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಾಕು, ಬೇಕಾದಷ್ಟು ಸಾಕು. ಆದರೆ ಕನ್ನಡದಲ್ಲಿ ಬರೆಯೋರಿಗೆ ನಾಲ್ಕೈದು ಕಡೆ ಕಿರಿಕಿರಿ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಮೊದಲು ನನ್ನ ದಡ್ಡತನದ ಕಥೆ. ಮೂರು ವರ್ಷದ ಹಿಂದೆ ಲೇಖನ ಬರೆಯಬೇಕು ಅಂತ ಹುಮ್ಮಸ್ಸು ಬಂತು. ಬಂದಾಗ ನಾನು ಬರೆಯಲಿಲ್ಲ, ದುಡ್ಡು ಖರ್ಚು ಮಾಡಿದೆ. ಯಾರೋ ಹೇಳಿದರು ಅಂತ ಸ್ವಂತ ಡೊಮೈನ್ (ಸೈಟಿನ ವಿಳಾಸ), ಒಂದು ಕಂಪನಿಯ ಹೋಸ್ಟಿಂಗ್ (ಸೈಟ್ ಇಡೋ ಬಾಡಿಗೆ ಜಾಗ), ಅದರ ಮೇಲೊಂದು ದುಡ್ಡು ಕೊಟ್ಟ ಥೀಮ್ (ಪುಟದ ಸಿದ್ಧ ವಿನ್ಯಾಸ). ಮೊದಲ ವರ್ಷ ಆಫರ್ ಬೆಲೆ. ಎರಡನೇ ವರ್ಷ ರಿನ್ಯೂವಲ್ ಮೇಲ್ ಬಂದಾಗ ಮೊತ್ತ ನೋಡಿ ಫೋನ್ ಮಗುಚಿ ಇಟ್ಟೆ. ಆ ಒಂದು ವರ್ಷದಲ್ಲಿ ಥೀಮ್ ಆರು ಸಲ ಬದಲಿಸಿದ್ದೆ, ಲೋಗೋ ಮಾಡಿದ್ದೆ, 'ನನ್ನ ಬಗ್ಗೆ' ಪುಟವನ್ನು ತಿದ್ದಿ ತಿದ್ದಿ ಇಟ್ಟಿದ್ದೆ. ಲೇಖನ ಎಷ್ಟು? ಮೂರು. ಅದರಲ್ಲೂ ಒಂದು ಯುಗಾದಿ ಶುಭಾಶಯ.

ಆಮೇಲೆ ಬ್ಲಾಗರ್‌ಗೆ ಬಂದೆ. 1999ರಲ್ಲಿ ಪೈರಾ ಲ್ಯಾಬ್ಸ್ ಅನ್ನೋ ಪುಟ್ಟ ಕಂಪನಿ ಶುರು ಮಾಡಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಅಂದರೆ ಇಂಟರ್ನೆಟ್ ಲೆಕ್ಕದಲ್ಲಿ ಇದು ಮುತ್ತಜ್ಜ. ಜಿಮೇಲ್ ಇದ್ದರೆ ಹತ್ತು ನಿಮಿಷದಲ್ಲಿ ಜಾಗ ಸಿದ್ಧ. ಕಾಸು ಇಲ್ಲ. ವಿಳಾಸದ ಕೊನೆಯಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಅಂತ ಇರುತ್ತದೆ. ಅದು ಬೇಡ ಅನ್ನಿಸಿದ ದಿನ ಸ್ವಂತ ಡೊಮೈನ್ ಕೊಂಡು ಜೋಡಿಸಬಹುದು, ಜೋಡಿಸೋಕೆ ಬ್ಲಾಗರ್ ದುಡ್ಡು ಕೇಳುವುದಿಲ್ಲ. ನಾನು ಇನ್ನೂ ಜೋಡಿಸಿಲ್ಲ. ಓದೋರು ಯಾರೂ ವಿಳಾಸ ನೋಡುವುದಿಲ್ಲ, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತುತ್ತಾರೆ, ಅಷ್ಟೇ.

ನನಗೆ ಇದರಲ್ಲಿ ಇಷ್ಟವಾದದ್ದು ಏನು ಅಂದರೆ, ಇಲ್ಲಿ ಆಟ ಆಡೋಕೆ ಜಾಸ್ತಿ ಏನೂ ಇಲ್ಲ. ಸಾವಿರ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು) ಇಲ್ಲ. ಥೀಮ್‌ಗಳೂ ಬೆರಳೆಣಿಕೆ, ಕಾಂಟೆಂಪೊ, ಸೋಹೋ, ನೋಟಬಲ್ ಅಂತ ಕೆಲವು, ನೋಡೋಕೆ ಸುಮಾರಾಗಿವೆ. ಒಂದನ್ನು ಆರಿಸಿಕೊಂಡ ಮೇಲೆ ಬರೆಯುವುದೊಂದೇ ಕೆಲಸ ಉಳಿಯುತ್ತದೆ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯದು ಏನಿದೆ ಹೇಳಿ.

ಈಗ ಕಿರಿಕಿರಿಗಳು.

ಮೊದಲನೆಯದು ಲಿಂಕ್. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಬ್ಲಾಗರ್ ತಾನಾಗಿ ಮಾಡುವ ಲಿಂಕ್‌ನಲ್ಲಿ ಕನ್ನಡ ಅಕ್ಷರಗಳೆಲ್ಲ ಉದುರಿಹೋಗುತ್ತವೆ. ಉಳಿಯುವುದು ಬರೀ 'ಬ್ಲಾಗ್-ಪೋಸ್ಟ್', ಪಕ್ಕದಲ್ಲೊಂದು ನಂಬರ್. ನಿಮ್ಮ ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ಲೇಖನವೂ ಬ್ಲಾಗ್-ಪೋಸ್ಟ್, ಅಜ್ಜನ ನೆನಪೂ ಬ್ಲಾಗ್-ಪೋಸ್ಟ್. ಬರೆಯುವ ಪುಟದ ಬಲಗಡೆ ಪರ್ಮಾಲಿಂಕ್ (ಆ ಲೇಖನದ ಕಾಯಂ ವಿಳಾಸ) ಅಂತ ಇದೆ, ಅದರಲ್ಲಿ ಕಸ್ಟಮ್ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಹಾಕಿ. ಪ್ರಕಟಿಸುವ ಮೊದಲೇ ಹಾಕಿ, ಆಮೇಲೆ ಬದಲಿಸಿದರೆ ನೀವು ಆಗಲೇ ಹಂಚಿದ ಲಿಂಕ್ ಸತ್ತುಹೋಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ (ಅದೂ ಬ್ಲಾಗ್ ತಾಣವೇ) ಇದರ ಉಲ್ಟಾ ತಾಪತ್ರಯ. ಅಲ್ಲಿ ಕನ್ನಡ ಲಿಂಕ್‌ನಲ್ಲಿ ಉಳಿಯುತ್ತದೆ, ಆದರೆ ಕಾಪಿ ಮಾಡಿ ಕಳಿಸಿದಾಗ ಒಂದೊಂದು ಅಕ್ಷರವೂ ಪರ್ಸೆಂಟ್ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಸೇರಿ 9 ಅಕ್ಷರ ಆಗಿಬಿಡುತ್ತದೆ. ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ 9, ಒತ್ತಿಗೆ 18. ವಾಟ್ಸಾಪ್‌ನಲ್ಲಿ ಅರ್ಧ ಪರದೆ ಲಿಂಕೇ ತುಂಬಿಕೊಂಡರೆ ನೋಡಿದವರು ವೈರಸ್ ಅಂತ ಹೆದರುತ್ತಾರೆ. ನಮ್ಮ ಚಿಕ್ಕಪ್ಪ ಹೆದರಿದ್ದರು.

ಎರಡನೆಯದು ಸಾಲುಗಳ ನಡುವಿನ ಜಾಗ. ಈ ಥೀಮ್‌ಗಳನ್ನು ಮಾಡಿದವರು ಇಂಗ್ಲಿಷ್ ಅಕ್ಷರ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ, ಎರಡೂ ಪಕ್ಕದ ಸಾಲಿಗೆ ಹೋಗಿ ಢಿಕ್ಕಿ ಹೊಡೆಯುತ್ತವೆ. ಥೀಮ್ ಕಸ್ಟಮೈಸ್ ಅಂತ ಒತ್ತಿ, ಅಡ್ವಾನ್ಸ್ಡ್ ಒಳಗೆ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಸೇರಿಸುವ ಜಾಗದಲ್ಲಿ ಲೈನ್ ಹೈಟ್, ಅಂದರೆ ಸಾಲಿನ ಎತ್ತರ, 1.8 ಅಂತ ಕೊಟ್ಟುಬಿಡಿ. ಗೊತ್ತಿರುವ ಹುಡುಗರನ್ನು ಕೇಳಿದರೆ ಎರಡು ನಿಮಿಷದ ಕೆಲಸ. ಮೊಬೈಲಲ್ಲಿ ಓದೋರ ಕಣ್ಣು ನಿಮಗೆ ಪುಣ್ಯ ಕೊಡುತ್ತದೆ.

ಮೂರನೆಯದು ಬ್ಲಾಗರ್ ತಪ್ಪಲ್ಲ, ನಮ್ಮ ಹಳೇ ಫಾಂಟ್‌ಗಳ ಉಪಕಾರ. ಅಕ್ಕ ಹಿಂದೆ ಡಿಟಿಪಿ ಸೆಂಟರ್‌ನಲ್ಲಿ ಟೈಪ್ ಮಾಡಿಸಿಟ್ಟಿದ್ದ ಒಂದು ಲೇಖನ ನನ್ನ ಹತ್ತಿರ ಇತ್ತು. ಕಾಪಿ ಮಾಡಿ ಅಂಟಿಸಿದೆ. 'ಕನ್ನಡ' ಅಂತ ಇದ್ದದ್ದು ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ, ಏನೇನೋ ಆಗಿ ಬಂತು. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗೂ ಅರ್ಥವಾಗುವ ಅಕ್ಷರ ಸಂಕೇತ ಅಲ್ಲ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡ. ಇದಕ್ಕೆ ಕನ್ವರ್ಟರ್‌ಗಳು ಇವೆ, ಹಾಕಿ ತೆಗೆದು ಒಂದು ಸಲ ಪೂರ್ತಿ ಓದಿ, ಒತ್ತು ಮತ್ತು ಅರ್ಕಾವತ್ತು ಇರುವಲ್ಲಿ ಎಡವಟ್ಟು ಉಳಿದಿರುತ್ತದೆ. ಹೊಸದಾಗಿ ಬರೆಯೋರು ನುಡಿ ತಂತ್ರಾಂಶ ಬಳಸಿ, ಬರಹ ತಂತ್ರಾಂಶ ಬಳಸಿ, ಏನಾದರೂ ಬಳಸಿ, ಯೂನಿಕೋಡ್ ಆಯ್ಕೆ ಹಾಕಿಕೊಂಡೇ ಶುರು ಮಾಡಿ. ನಾನು ಫೋನ್‌ನಲ್ಲಿ ಗೂಗಲ್ ಕೀಬೋರ್ಡ್ ಜಿಬೋರ್ಡ್ ಬಳಸುತ್ತೇನೆ. ಬಸ್ಸಲ್ಲಿ ಕೂತು ಮೈಕ್ ಒತ್ತಿ ಮಾತಾಡಿಕೊಂಡು ಬರೆದದ್ದೂ ಇದೆ, ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು. ಪೂರ್ಣವಿರಾಮ, ಅಲ್ಪವಿರಾಮ ಆಮೇಲೆ ನಾವೇ ಹಾಕಬೇಕು.

ಇನ್ನೊಂದು ಸಣ್ಣದು. ವರ್ಡ್ ಅಥವಾ ಗೂಗಲ್ ಡಾಕ್ಸ್‌ನಿಂದ ಅಂಟಿಸಿದರೆ ಅಲ್ಲಿನ ಫಾಂಟ್, ಬಣ್ಣ, ಅಳತೆ ಎಲ್ಲ ಹಿಂದೆಯೇ ಬರುತ್ತದೆ, ಒಂದು ಪ್ಯಾರಾ ದೊಡ್ಡದು ಇನ್ನೊಂದು ಚಿಕ್ಕದು ಕಾಣುತ್ತದೆ. ಕಂಟ್ರೋಲ್ ಶಿಫ್ಟ್ ವಿ ಒತ್ತಿ ಅಂಟಿಸಿ, ಬರೀ ಅಕ್ಷರ ಬರುತ್ತದೆ.

ಇಷ್ಟು ಸರಿ ಮಾಡಿಕೊಂಡರೆ ಉಳಿದದ್ದು ಬರಹ. ಅದಕ್ಕೆ ಯಾವ ಬ್ಲಾಗರೂ ಏನೂ ಮಾಡೋಕಾಗಲ್ಲ, ಆದರೂ ಇಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮದು ಸಾಗರದ ಕಡೆ, ಇಲ್ಲಿ ನಾನು ಹಾಕಿದ ಮೊದಲ ಲೇಖನ ಅಪ್ಪೆಮಿಡಿ ಬಗ್ಗೆ. ಶುರು ಹೀಗಿತ್ತು: 'ಮಾವು ಹಣ್ಣುಗಳ ರಾಜ. ಭಾರತದಲ್ಲಿ ಮಾವಿಗೆ ಪ್ರಾಚೀನ ಇತಿಹಾಸವಿದೆ.' ಮೂರು ಪ್ಯಾರಾ ಇದೇ ರಾಗ. ಅಕ್ಕನಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿದಳು. "ಮಾರಾಯ, ಮಾವು ಹಣ್ಣಿನ ರಾಜ ಅಂತ ನನಗೇ ಹೇಳ್ತೀಯಲ್ಲ. ನಾನು ನಾಲ್ಕನೇ ಪ್ಯಾರಾದಿಂದ ಓದಿದೆ, ಅಮ್ಮ ಮಿಡಿ ಮೂಸೋದು ಬರುತ್ತಲ್ಲ, ಅಲ್ಲಿಂದ."

ಬೇಜಾರಾಯಿತು. ಎರಡು ದಿನ ಮುಟ್ಟಲಿಲ್ಲ. ಆಮೇಲೆ ಮೊದಲ ಮೂರು ಪ್ಯಾರಾ ಕಿತ್ತು ಹಾಕಿದೆ. ಈಗ ಅದು ಶುರುವಾಗುವುದು ಹೀಗೆ: 'ಮಿಡಿ ತಂದವನು ಚೀಲ ಇಳಿಸಿದ ಕೂಡಲೇ ಅಮ್ಮ ಒಂದು ಮಿಡಿಯ ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಾಳೆ. ಸೊನೆಯಲ್ಲಿ ಜೀರಿಗೆ ಘಮ ಇದ್ದರೆ ಮಾತ್ರ ದರ ಕೇಳುತ್ತಾಳೆ.' ಕಿತ್ತ ಮೇಲೆ ಲೇಖನ ಸಣ್ಣದಾಯಿತು, ಆದರೆ ಊರಿನವರು ಅದನ್ನೇ ಇವತ್ತಿಗೂ ಹಂಚುತ್ತಾರೆ. ಅಲ್ಲಿಂದೀಚೆಗೆ ಏನೇ ಬರೆದರೂ ನಾಲ್ಕನೇ ಪ್ಯಾರಾ ಮೊದಲು ನೋಡುತ್ತೇನೆ. ಹತ್ತರಲ್ಲಿ ಏಳು ಸಲ ಲೇಖನ ಅಲ್ಲೇ ಶುರುವಾಗಿರುತ್ತದೆ, ಅದರ ಹಿಂದಿನದು ಗಂಟಲು ಸರಿ ಮಾಡಿಕೊಂಡದ್ದು ಅಷ್ಟೇ.

ಅದೇ ಲೇಖನದಲ್ಲಿ ಇನ್ನೊಂದು ತಪ್ಪಿತ್ತು. ಮಿಡಿಯನ್ನು ಉಪ್ಪಿನಲ್ಲಿ ಇಂತಿಷ್ಟೇ ದಿನ ಇಡಬೇಕು ಅಂತ ಎಲ್ಲೋ ನೋಡಿದ್ದನ್ನು ಬರೆದಿದ್ದೆ. ಅಮ್ಮನಿಗೆ ಓದಿ ಹೇಳಿದರೆ ನಕ್ಕಳು. "ದಿನ ಲೆಕ್ಕ ಯಾರು ಇಡ್ತಾರೆ, ಮಿಡಿ ಸುಕ್ಕಾಗಬೇಕು, ನೋಡಿದರೆ ಗೊತ್ತಾಗುತ್ತೆ." ಗೊತ್ತಿರುವವರು ಅಡುಗೆಮನೆಯಲ್ಲೇ ಇದ್ದಾಗ ನಾನು ಗೂಗಲ್ ಮಾಡಿದ್ದೆ. ಜೋರಾಗಿ ಓದಿದ್ದರಿಂದ ಇನ್ನೊಂದು ಲಾಭವೂ ಆಯಿತು, ಎಲ್ಲಿ ನನ್ನ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲೆಲ್ಲ ವಾಕ್ಯ ಮುರಿದೆ.

ಫೋಟೋ ವಿಷಯ ಚುಟುಕಾಗಿ. ಗೂಗಲ್‌ನಲ್ಲಿ ಸಿಕ್ಕ ಫೋಟೋ ಅಂದರೆ ಯಾರದ್ದೂ ಅಲ್ಲದ ಫೋಟೋ ಅಂತಲ್ಲ. ನಿಮ್ಮ ಫೋನ್‌ನಲ್ಲಿ ತೆಗೆದದ್ದು ಮಬ್ಬಾಗಿದ್ದರೂ ಅದೇ ಚೆನ್ನ. ಇಲ್ಲವೇ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ, ಅಲ್ಲಿ ಒಂದೊಂದು ಫೋಟೋದ ಕೆಳಗೂ ಲೈಸೆನ್ಸ್ ಬರೆದಿರುತ್ತದೆ, ಬಹುಪಾಲು ಕಡೆ ತೆಗೆದವರ ಹೆಸರು ಹಾಕಬೇಕು. ಹಾಕಿ. ಇನ್ನೊಂದು, ಬ್ಲಾಗರ್‌ಗೆ ಹಾಕಿದ ಫೋಟೋ ನಿಮ್ಮ ಗೂಗಲ್ ಖಾತೆಯ 15 ಜಿಬಿ ಲೆಕ್ಕಕ್ಕೆ ಬರುತ್ತದೆ. ಮದುವೆ ವಿಡಿಯೋಗಳಿಂದ ಜಿಮೇಲ್ ತುಂಬಿಸಿಕೊಂಡಿರೋರು ಬ್ಲಾಗ್‌ಗೆ ಬೇರೆ ಖಾತೆ ಮಾಡಿಕೊಳ್ಳುವುದು ಒಳ್ಳೆಯದು.

ಅಂಕಿಅಂಶದ ಪುಟ ಅಪಾಯಕಾರಿ. ಮೊದಲ ದಿನ 61 ವ್ಯೂ ತೋರಿಸಿತು, ಖುಷಿಯಲ್ಲಿ ಹೆಂಡತಿಗೆ ತೋರಿಸಿದೆ. ಆಮೇಲೆ ಗೊತ್ತಾಯಿತು, ನಾನು ತಿದ್ದಿ ತಿದ್ದಿ ಮತ್ತೆ ಮತ್ತೆ ತೆರೆದು ನೋಡಿದ್ದೂ ಅದರಲ್ಲಿ ಸೇರಿದೆ. ನಮ್ಮ ಭೇಟಿ ಎಣಿಸಬೇಡ ಅಂತ ಅಲ್ಲೇ ಒಂದು ಆಯ್ಕೆ ಇದೆ, ಮೊದಲು ಅದನ್ನು ಹಾಕಿ. ಮಾರನೇ ದಿನ ನನ್ನದು 9ಕ್ಕೆ ಇಳಿಯಿತು. ಆದರೆ ಆ 9 ಜನ ಯಾರು ಅಂತ ನನಗೆ ಗೊತ್ತಿತ್ತು, ಅವರಲ್ಲಿ ಒಬ್ಬರು ತಮ್ಮ ತೋಟದ ಅಪ್ಪೆ ಮರದ ಬಗ್ಗೆ ಉದ್ದದ ವಾಯ್ಸ್ ಮೆಸೇಜ್ ಕಳಿಸಿದರು, ಅದರಿಂದಲೇ ಎರಡನೇ ಲೇಖನ ಹುಟ್ಟಿತು.

ಬ್ಲಾಗರ್‌ನ ದೊಡ್ಡ ಕೊರತೆ ಅಂದರೆ ಹೊಸ ಲೇಖನ ಬಂದಾಗ ಓದುಗರಿಗೆ ತಾನಾಗಿ ಇಮೇಲ್ ಹೋಗುವ ವ್ಯವಸ್ಥೆ ಈಗ ಇಲ್ಲ. ಹಿಂದೆ ಗೂಗಲ್‌ನದೇ ಫೀಡ್‌ಬರ್ನರ್ ಅನ್ನೋ ಸೇವೆಯ ಮೂಲಕ ಇತ್ತು, 2021ರಲ್ಲಿ ಗೂಗಲ್ ಆ ಇಮೇಲ್ ಸೇವೆ ನಿಲ್ಲಿಸಿತು. ಇದು ನಿಮಗೆ ಮುಖ್ಯ ಅನ್ನಿಸಿದರೆ ವರ್ಡ್‌ಪ್ರೆಸ್ ಡಾಟ್ ಕಾಮ್ ನೋಡಿ, ಅಲ್ಲಿ ಇಮೇಲ್ ಕಳಿಸೋದು ಇದೆ. ಆದರೆ ಪುಕ್ಕಟೆ ಯೋಜನೆಯಲ್ಲಿ ನಿಮ್ಮ ಲೇಖನದ ನಡುವೆ ಅವರ ಜಾಹೀರಾತು ಬರುತ್ತದೆ. ಕಥೆ, ಧಾರಾವಾಹಿ ಬರೆಯೋರಾದರೆ ಬೆಂಗಳೂರಿನ ಪ್ರತಿಲಿಪಿ ಅನ್ನೋ ಕಥೆಗಳ ತಾಣದಲ್ಲಿ ಓದುಗರು ಆಗಲೇ ಕೂತಿದ್ದಾರೆ, ಅಲ್ಲಿಗೆ ಹೋಗೋದೇ ಜಾಣತನ. ಲೇಖನ, ಅನುಭವ, ಊರಿನ ಸಂಗತಿ ಬರೆಯೋರಿಗೆ ನನ್ನ ಮತ ಬ್ಲಾಗರ್‌ಗೇ. ಐದಕ್ಕೆ ಮೂರೂವರೆ ಸ್ಟಾರ್. ಆ ಲಿಂಕ್ ತಾಪತ್ರಯ ಸರಿ ಮಾಡಿದರೆ ನಾಲ್ಕು.

ಒಂದು ಭಯ ಮಾತ್ರ ಇದ್ದೇ ಇದೆ. ಆರ್ಕುಟ್ ಹೋಯಿತು, ಗೂಗಲ್ ರೀಡರ್ ಹೋಯಿತು, ಗೂಗಲ್ ಪ್ಲಸ್ ಹೋಯಿತು. ಇದೂ ಒಂದು ದಿನ ಹೋಗಬಹುದು ಅಂತ ಇಟ್ಟುಕೊಂಡೇ ಬರೆಯಬೇಕು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ, ಬರೆದದ್ದೆಲ್ಲ ಇಳಿಸಿಕೊಳ್ಳಬಹುದು, ಫೋಟೋಗಳ ಮೂಲ ಪ್ರತಿ ಬೇರೆ ಇಟ್ಟುಕೊಂಡಿದ್ದರೆ ಇನ್ನೂ ನೆಮ್ಮದಿ. ನಾನು ಪ್ರತಿ ತಿಂಗಳು ಕರೆಂಟ್ ಬಿಲ್ ಕಟ್ಟುವ ದಿನವೇ ಇದನ್ನೂ ಮಾಡಿ ಮುಗಿಸುತ್ತೇನೆ, ಇಲ್ಲದಿದ್ದರೆ ನೆನಪಾಗಲ್ಲ.