ಕುತ್ತಿಗೆ ಹಿಡಿದಿದೆ ಅಂತ ‘ಲಟಕ್’ ಅನ್ನಿಸಿಕೊಳ್ಳಲು ಹೋಗಬೇಡಿ

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕುತ್ತಿಗೆ ಹಿಡಿಸಿಕೊಂಡವರು ಜಾಸ್ತಿ. ದೋಟಿ (ಉದ್ದನೆಯ ಕೋಲು) ಹಿಡಿದು ಬೆಳಗಿನಿಂದ ಸಂಜೆವರೆಗೆ ಅಡಿಕೆ ಮರದ ತುದಿ ನೋಡುತ್ತಿದ್ದರೆ ಹಿಡಿಯದೆ ಇರುತ್ತದೆಯೇ? ಹೀಗೆ ನೋವಾಗಿದ್ದ ತೋಟದ ಕೆಲಸಗಾರರೊಬ್ಬರು ಕಟಿಂಗ್ ಶಾಪಿನಲ್ಲಿ ತಲೆಗೆ ಎಣ್ಣೆ ತಟ್ಟಿಸಿಕೊಂಡು, ಕೊನೆಗೆ ಕುತ್ತಿಗೆಯನ್ನೂ ತಿರುಗಿಸಿಕೊಂಡರು. ಗದ್ದಕ್ಕೊಂದು ಕೈ, ತಲೆಯ ಹಿಂದಕ್ಕೊಂದು ಕೈ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಝಟಕಾ. ಲಟಕ್ ಅಂತು, ಹಗುರವೂ ಅನಿಸಿತು. ಮನೆ ಸೇರುವಷ್ಟರಲ್ಲಿ ತಲೆಸುತ್ತು, ವಾಂತಿ. ಪಿತ್ತ ಕೆರಳಿರಬೇಕು ಅಂತ ಮನೆಯವರು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದರು. ಬೆಳಿಗ್ಗೆ ಮಾತು ತೊದಲುತ್ತಿತ್ತು, ಗುಟುಕು ನೀರು ಇಳಿಯುತ್ತಿರಲಿಲ್ಲ, ಗೋಡೆ ಹಿಡಿದರೂ ಕಾಲು ನಿಲ್ಲುತ್ತಿರಲಿಲ್ಲ. ಶಿವಮೊಗ್ಗಕ್ಕೆ ತಂದು ಸ್ಕ್ಯಾನ್ ಮಾಡಿಸಿದಾಗ ಕಂಡದ್ದು ಮಿದುಳಿನ ಹಿಂಭಾಗದ ಸ್ಟ್ರೋಕ್.

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಈ ಮೂಳೆಗಳ ಪಕ್ಕದ ತೂತುಗಳ ಮೂಲಕವೇ ಮೇಲೇರಿ, ಮೊದಲ ಮೂಳೆಯ ಹತ್ತಿರ ಬಳಸಿಕೊಂಡು ತಲೆಬುರುಡೆಯೊಳಗೆ ಹೋಗುತ್ತವೆ. ತಲೆ ಅತ್ತಿತ್ತ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಮೊದಲೆರಡು ಮೂಳೆಗಳ ನಡುವೆಯೇ ಆಗುವುದು. ಅಲ್ಲಿಗೆ ಝಟಕಾ ಬಿದ್ದರೆ ನಾಳದ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೆಪ್ಪು ಮೇಲಕ್ಕೆ ಹೋಗಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಸ್ಟ್ರೋಕ್. ಇದು ಅಪರೂಪ, ನಿಜ. ಆದರೆ ಯಾರಿಗೆ ಆಗುತ್ತದೆ ಅಂತ ಮುಂಚೆ ಹೇಳಲು ಯಾರಿಂದಲೂ ಆಗುವುದಿಲ್ಲ. ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ: ಕೆಲವರಲ್ಲಿ ನಾಳ ಮೊದಲೇ ಸ್ವಲ್ಪ ಹರಿದಿರುತ್ತದೆ, ಅದರ ಮೊದಲ ಲಕ್ಷಣವೇ ಕುತ್ತಿಗೆನೋವು. ಹಿಂದೆಂದೂ ಬಾರದಂಥ ನೋವು ಒಂದೇ ಪಕ್ಕದಲ್ಲಿ, ಹೆಕ್ಕತ್ತಿನಿಂದ ತಲೆಯ ಹಿಂದಕ್ಕೆ ದಿಢೀರನೆ ಬಂದಿದ್ದರೆ ಅದನ್ನು ಯಾರ ಕೈಗೂ ಕೊಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಲಟಕ್ ಅಂದರೆ ಜಾರಿದ ಮೂಳೆ ಜಾಗಕ್ಕೆ ಕೂತಿತು ಅಂತ ಅರ್ಥವಲ್ಲ. ಕೀಲಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗಾಳಿಗುಳ್ಳೆ ಆಗುವ ಸದ್ದು ಅದು.

ಹಾಗಂತ ಕೈಚಿಕಿತ್ಸೆಯೇ ಬೇಡ ಅನ್ನುತ್ತಿಲ್ಲ. ಸರಿಯಾಗಿ ಮಾಡಿದರೆ, ಜೊತೆಗೆ ವ್ಯಾಯಾಮವೂ ಇದ್ದರೆ, ಕುತ್ತಿಗೆನೋವಿಗೆ ಅದು ಒಳ್ಳೆಯ ದಾರಿ. ಒಳ್ಳೆಯ ಫಿಸಿಯೋಥೆರಪಿಸ್ಟ್ ಕೈ ಇಡುವ ಮೊದಲು ಕೇಳುತ್ತಾರೆ: ಬಿದ್ದಿದ್ದಿರಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಕ್ತ ತೆಳು ಮಾಡುವ ಮಾತ್ರೆ ಅಥವಾ ಬಹಳ ಕಾಲದಿಂದ ಸ್ಟೀರಾಯ್ಡ್ ತಗೊಳ್ಳುತ್ತಿದ್ದೀರಾ, ಆಮವಾತ ಇದೆಯಾ? ಬಿ.ಪಿ. ನೋಡುತ್ತಾರೆ, ಕೈಯ ಬಲ ನೋಡುತ್ತಾರೆ. ಜೋಮು ಹೆಬ್ಬೆರಳಿನ ಕಡೆಗೋ, ನಡುಬೆರಳಿಗೋ, ಕಿರುಬೆರಳಿಗೋ ಅಂತ ಕೇಳಿದರೆ ಯಾವ ನರದ ಬೇರು ಒತ್ತಿದೆ ಎಂಬ ಅಂದಾಜು ಸಿಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ವಾಲುವುದು, ಮೂತ್ರ ತಡೆಯಲಾಗದಿರುವುದು ಇದ್ದರೆ ಬೆನ್ನುಹುರಿಯೇ ಒತ್ತಿರಬಹುದು. ಅಂಥವರ ಕುತ್ತಿಗೆಯನ್ನು ತಿರುಗಿಸುವ ಮಾತೇ ಇಲ್ಲ.

ಆಮೇಲಿನ ಕೆಲಸ ನಿಧಾನದ್ದು. ನೀವು ಅಂಗಾತ ಮಲಗಿರುತ್ತೀರಿ. ತಲೆಬುರುಡೆಯ ಅಂಚಿನ ಕೆಳಗೆ ಬೆರಳ ತುದಿಗಳನ್ನಿಟ್ಟು, ತಲೆಯ ಭಾರವನ್ನು ಆ ಬೆರಳುಗಳ ಮೇಲೆಯೇ ಬಿಟ್ಟು 2–3 ನಿಮಿಷ ಹಾಗೇ ಹಿಡಿದರೆ ಬಿಗಿದ ಸ್ನಾಯು ತಾನಾಗಿ ಸಡಿಲುತ್ತದೆ. ಹೆಗಲಿನ ಮೇಲಿನ ಸ್ನಾಯುವಿಗೂ ಹಾಗೇ ಹದವಾದ ಒತ್ತಡ. ಬಿಗಿದ ಕೀಲನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಮೆಲ್ಲಗೆ ಅಲುಗಿಸುತ್ತಾರೆ, ‘ಸಾಕು’ ಅಂದ ಕೂಡಲೇ ನಿಲ್ಲಿಸುತ್ತಾರೆ. ಒಂದು ದಿನ ಸ್ವಲ್ಪ ಮೈಕೈ ನೋವು ಬಂದರೆ ಪರವಾಗಿಲ್ಲ. ಎರಡು ದಿನ ಕಳೆದರೂ ನೋವು ಹೆಚ್ಚುತ್ತಲೇ ಇದ್ದರೆ ಒತ್ತಿದ್ದು ಅತಿಯಾಗಿದೆ.

ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ತಲೆ ಎತ್ತದೆ ತಗ್ಗಿಸದೆ ಗದ್ದವನ್ನು ನೇರ ಹಿಂದಕ್ಕೆಳೆದು 5 ಸೆಕೆಂಡ್ ಹಿಡಿಯಿರಿ. 10 ಸಲ, ದಿನಕ್ಕೆ ಎರಡು ಮೂರು ಹೊತ್ತು. ಬಿಸಿನೀರಿನ ಚೀಲ 15 ನಿಮಿಷ ಸಾಕು. ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡೇ ವಾರಗಟ್ಟಲೆ ಇದ್ದರೆ ಸ್ನಾಯು ಸೋಲುತ್ತದೆ. ಔಷಧಿ ಹೊಡೆಯುವಾಗ 20 ನಿಮಿಷಕ್ಕೊಮ್ಮೆ ದೋಟಿ ಮತ್ತೊಬ್ಬರ ಕೈಗೆ ಕೊಡಿ.

ಈಗಾಗಲೇ ಯಾರಾದರೂ ಕುತ್ತಿಗೆ ತಿರುಗಿಸಿದ್ದು, ಆಮೇಲೆ ತಲೆಸುತ್ತು, ಎರಡೆರಡು ಕಾಣುವುದು, ತೊದಲು, ಮುಖದಲ್ಲಿ ಜೋಮು, ನುಂಗಲು ತೊಂದರೆ ಯಾವುದೇ ಬಂದರೂ ಬಾಯಿಗೆ ಏನೂ ಹಾಕಬೇಡಿ. ಶ್ವಾಸನಾಳಕ್ಕೆ ಇಳಿಯಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದದ್ದು ಸಾಮಾನ್ಯವಾಗಿ ಲಕ್ಷಣ ಶುರುವಾಗಿ 4.5 ಗಂಟೆಯೊಳಗೆ, ಮಳೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗದ 60 ಕಿ.ಮೀ. ದಾರಿಯೂ ಅದರಲ್ಲೇ ಸೇರಬೇಕು. ಕುತ್ತಿಗೆ ತಿರುಗಿಸಿದ ಹೊತ್ತು, ಲಕ್ಷಣ ಕಂಡ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಿ; ಡಾಕ್ಟರು ಮೊದಲು ಕೇಳುವುದು ಅದನ್ನೇ.