ಮೂರು ಎಸಳು ಎಲ್ಲಿ? ಮಲ್ಪೆಯ ಒಬ್ಬ ಬೋಟ್ ಮೇಸ್ತ್ರಿಯ ಕೆಲಸದ ಬಗ್ಗೆ

ಮಲ್ಪೆ ಬಂದರಿನ ದಕ್ಕೆಯ ಹಿಂದೆ, ಮಂಜುಗಡ್ಡೆ ಪುಡಿ ಮಾಡುವ ಸದ್ದು ಇಡೀ ದಿನ ಕೇಳುವ ಜಾಗದಲ್ಲಿ, ಒಂದು ತಗಡಿನ ಶೆಡ್ ಇದೆ. ಫಲಕ ಇಲ್ಲ. ಬಾಗಿಲ ಬಳಿ ಹಳೆಯ ಪ್ರೊಪೆಲ್ಲರೊಂದನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ಕೇಳಿದವರಿಗೆ ಎಲ್ಲರೂ ಹೇಳುವ ಗುರುತು ಅದೇ. ಅಲ್ಲಿನ ಮೇಸ್ತ್ರಿಯಿಂದ ನಮ್ಮ ಬೋಟಿನ ಇಂಜಿನ್ ರಿಪೇರಿ ಮಾಡಿಸಿದ ಅನುಭವವನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಐದರಲ್ಲಿ ನಾಲ್ಕು ಅಂಕ. ಒಂದನ್ನು ಏಕೆ ಕಡಿದೆ ಎಂಬುದು ಮುಂದೆ ಬರುತ್ತದೆ.

ನಾನು ಇಪ್ಪತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನಿವೃತ್ತಿಯ ಹಣದಲ್ಲಿ ತಮ್ಮನ ಜೊತೆ ಸೇರಿ 28 ಅಡಿಯ ಒಂದು ಫೈಬರ್ ಬೋಟು ಕೊಂಡೆ. ಸ್ವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆಯಲ್ಲಿ ಪ್ರವಾಸಿಗರನ್ನು ಹೊಳೆಯಲ್ಲಿ ಸುತ್ತಾಡಿಸುತ್ತೇವೆ. ಒಳಗಿರುವುದು ಮೂರು ಸಿಲಿಂಡರಿನ, 30 ಅಶ್ವಶಕ್ತಿಯ, ಗೋವಾದಿಂದ ತಂದ ಹಳೆಯ ಡೀಸೆಲ್ ಇಂಜಿನ್. ಮಳೆಗಾಲ ಮುಗಿಸಿ ಸೆಪ್ಟೆಂಬರಿನಲ್ಲಿ ಮತ್ತೆ ನೀರಿಗಿಳಿಸಿದ ಮೇಲೆ ಹಿಂಭಾಗದ ಕೊಳವೆಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಬಿಳಿ ಹಬೆ. ಹಿಂದಿನ ಸಾಲಿನಲ್ಲಿ ಕುಳಿತ ಪ್ರವಾಸಿಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಬ್ಬರಂತೂ ಬೆಂಕಿ ಬಿದ್ದಿದೆ ಎಂದು ಎದ್ದೇ ನಿಂತರು, ಬೋಟು ವಾಲಿತು.

ವಿಚಿತ್ರವೆಂದರೆ ತಾಪಮಾನದ ಮುಳ್ಳು ಮಾತ್ರ ಎಂದಿನ ಜಾಗದಲ್ಲೇ ಇತ್ತು. ಪೂರ್ತಿ ವೇಗ ಕೊಟ್ಟಾಗ ಮಾತ್ರ ಸ್ವಲ್ಪ ಮೇಲೇರುತ್ತಿತ್ತು.

ಇಂಜಿನ್ ತಣಿಸಲು ಹೊರಗಿನ ನೀರನ್ನು ಎಳೆಯುವ ಪಂಪಿನ ಹಳೆಯ ರಬ್ಬರ್ ಇಂಪೆಲ್ಲರ್, ಅಂದರೆ ಎಸಳುಗಳಿರುವ ಚಕ್ರ, ಬಿಚ್ಚಿ ನೋಡಿದೆವು. ಆರು ಎಸಳುಗಳಲ್ಲಿ ಮೂರು ಇರಲಿಲ್ಲ. ನೀರು ಒಳಬರುವ ತಳದ ವಾಲ್ವ್ ತೆರೆಯದೆ ಇಂಜಿನ್ ಚಾಲೂ ಮಾಡಿದರೆ ಪಂಪು ನೀರಿಲ್ಲದೆ ತಿರುಗಿ ಎಸಳುಗಳು ಹೀಗೆ ಹರಿದುಹೋಗುತ್ತವೆ. ಹಾಗೆ ಮಾಡಿದ್ದು ತಾನಲ್ಲ ಎಂದು ತಮ್ಮ ಈಗಲೂ ಹೇಳುತ್ತಾನೆ. ಇರಲಿ. ಹೊಸತು ಹಾಕಿದೆವು. ಹಬೆ ತುಸು ಕಡಿಮೆಯಾಯಿತು, ನಿಲ್ಲಲಿಲ್ಲ. ಆಗ ಹೊರಗಿನಿಂದ ಒಂದು ಸರ್ವೀಸ್ ಕಂಪನಿಯವರನ್ನು ಕರೆಸಿದೆವು. ಸಮವಸ್ತ್ರ ಧರಿಸಿದ ಇಬ್ಬರು ಬಂದು, ಹತ್ತು ನಿಮಿಷ ನೋಡಿ, ಬಿಳಿ ಹೊಗೆ ಎಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಣಿಸುವ ದ್ರವ ಸಿಲಿಂಡರಿನೊಳಗೆ ಸೋರದಂತೆ ತಡೆಯುವ ಸೀಲು) ಹೋಗಿದೆ, ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನೂ ಬದಲಿಸಬೇಕು ಎಂದು 85,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಅಂದಾಜು ಪಟ್ಟಿ ಬಹಳ ಅಂದವಾಗಿ ಮುದ್ರಣವಾಗಿತ್ತು.

ಮಲ್ಪೆಯ ಮೇಸ್ತ್ರಿಗೆ ಫೋನ್ ಮಾಡಿದ್ದು ಆಮೇಲೆ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದವರು ಬಂದದ್ದು ಅದರ ಮರುದಿನದ ಮಧ್ಯಾಹ್ನ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಇರುವ ಆ ಕಿರಿದಾದ ರಸ್ತೆಯಲ್ಲಿ, ಸ್ಕೂಟರಿನ ಮುಂದೆ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು. ಬಂದವರೇ ಸಲಕರಣೆ ಬಿಚ್ಚಲಿಲ್ಲ.

"ಅಕ್ಕ, ಹಳೆಯ ಇಂಪೆಲ್ಲರ್ ಇದೆಯಾ?"

ತೋರಿಸಿದೆ. ಬೆರಳಿನಿಂದ ಎಸಳುಗಳನ್ನು ಎಣಿಸಿದರು.

"ಮೂರು ಇಲ್ಲಿವೆ. ಉಳಿದ ಮೂರು ಎಲ್ಲಿ?"

ಎಲ್ಲಿ ಹೋಗುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ವಸ್ತು ನಾಶವಾಗುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ ಇದು ಹೊಳೆಯಬೇಕಿತ್ತು. ಸಮವಸ್ತ್ರದವರೂ ಕೇಳಿರಲಿಲ್ಲ.

ಅಷ್ಟಾದರೂ ಮೇಸ್ತ್ರಿ ಉತ್ತರ ಗೊತ್ತಿದೆ ಎಂಬಂತೆ ನೇರವಾಗಿ ಅಲ್ಲಿಗೆ ಕೈ ಹಾಕಲಿಲ್ಲ. ನನಗೆ ಹಿಡಿಸಿದ್ದು ಇದು. ಮೊದಲು ಇಂಜಿನ್ ಓಡಿಸಿ ಹಿಂದೆ ಕುಳಿತು ಹಬೆಯನ್ನು ನೋಡಿದರು. ಕೊಳವೆಯಿಂದ ಎರಡು ಮೂರು ಮಾರು ದೂರದಲ್ಲಿ ಅದು ಗಾಳಿಯಲ್ಲಿ ಕರಗುತ್ತಿತ್ತು. ಸುಡದ ಡೀಸೆಲ್ಲಿನ ಹೊಗೆಯಾಗಿದ್ದರೆ ನೀರಿನ ಮೇಲೆ ತೇಲಿಕೊಂಡೇ ಇರುತ್ತದೆ, ಕಣ್ಣು ಉರಿಯುತ್ತದೆ, ಹೊಳೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಟ್ಟುತ್ತದೆ. ಇಲ್ಲಿ ಮೂರೂ ಇಲ್ಲ ಎಂದರು. ನೀಲಿ ಛಾಯೆ ಇದ್ದಿದ್ದರೆ ಎಣ್ಣೆ ಸುಡುತ್ತಿದೆ ಎಂದರ್ಥವಂತೆ. ಆಮೇಲೆ ಇಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಒಂದು ಗಂಟೆ ಹೊಳೆಯಲ್ಲಿ ಸುತ್ತಾಡಿಸಿ, ಇಂಜಿನ್ ಪೂರ್ತಿ ತಣಿದ ಮೇಲೆ ನೋಡಿದರು. ಮಟ್ಟ ಗೆರೆಯಲ್ಲೇ ಇತ್ತು, ಎಣ್ಣೆಯ ಗುಳ್ಳೆಗಳೂ ಇರಲಿಲ್ಲ. "ಗ್ಯಾಸ್ಕೆಟ್ ಪಾಪ, ಚೆನ್ನಾಗಿಯೇ ಇದೆ" ಎಂದರು. 85,000 ರೂಪಾಯಿ ಉಳಿದದ್ದು ಆ ಒಂದು ಪೆನ್ನಿನ ಗೆರೆಯಲ್ಲಿ.

ಈ ಬಗೆಯ ಇಂಜಿನ್ನಿನಲ್ಲಿ ನೀರಿನ ದಾರಿ ಎರಡು. ಒಳಗೆ ಸುತ್ತುವುದು ಕೂಲೆಂಟ್. ಮುಳ್ಳು ತೋರಿಸುವುದು ಅದರ ಬಿಸಿಯನ್ನು. ಹೊರಗಿನ ಉಪ್ಪುನೀರು ತಳದ ವಾಲ್ವಿನಿಂದ ಜಾಲರಿ ಡಬ್ಬಿಗೆ, ಅಲ್ಲಿಂದ ಪಂಪಿಗೆ, ಪಂಪಿನಿಂದ ಬಿಸಿ ವರ್ಗಾಯಿಸುವ ಸಣ್ಣ ಕೊಳವೆಗಳ ಕಟ್ಟಿರುವ ಹೀಟ್ ಎಕ್ಸ್‌ಚೇಂಜರಿಗೆ ಬಂದು ಕೂಲೆಂಟನ್ನು ತಣಿಸಿ, ಕೊನೆಗೆ ಹೊಗೆ ಕೊಳವೆಯ ಬಾಗಿದ ತುಂಡಾದ ಎಕ್ಸಾಸ್ಟ್ ಎಲ್ಬೋದಲ್ಲಿ ಸುಡುವ ಹೊಗೆಯ ಜೊತೆ ಬೆರೆತು ಹೊರಬೀಳುತ್ತದೆ. ನೀರು ಸಾಕಷ್ಟಿದ್ದರೆ ಬಿಸಿನೀರಾಗಿಯೇ ಹೋಗುತ್ತದೆ. ಕಡಿಮೆಯಾದರೆ ಅದೇ ನೀರು ಕುದಿದು ಆವಿಯಾಗುತ್ತದೆ, ಒಂದು ಲೀಟರಿಗೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು. ನಿಧಾನವಾಗಿ ಓಡುವಾಗ ಆ ಅಲ್ಪ ನೀರೂ ಕೂಲೆಂಟಿಗೆ ಸಾಲುತ್ತದೆ. ಹಾಗಾಗಿ ಮುಳ್ಳು ದೂರು ಹೇಳುವ ಮೊದಲೇ ಹಬೆ ಹೇಳಿಬಿಡುತ್ತದೆ. ಡಿಸೆಂಬರಿನ ತಂಪು ಬೆಳಗಿನಲ್ಲಿ ಯಾವ ಬೋಟಿನಲ್ಲೂ ತುಸು ಹಬೆ ಕಾಣುವುದು ಸಹಜ, ಅದನ್ನು ನೋಡಿ ಗಾಬರಿಯಾಗಬಾರದು. ನಮ್ಮದು ಸೆಪ್ಟೆಂಬರಿನ ನಡುಮಧ್ಯಾಹ್ನದ ಹಬೆ.

ಬಕೆಟ್ ಬಂದದ್ದು ಈಗ. ಇಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿದ್ದಾಗ ಕೊಳವೆಯ ಬಾಯಿಗೆ ಹಿಡಿದರು. ಹತ್ತು ಲೀಟರ್ ತುಂಬಲು 80 ಸೆಕೆಂಡ್ ಬೇಕಾಯಿತು. ನಲವತ್ತರ ಒಳಗೆ ತುಂಬಬೇಕು ಎಂದರು. ತಳದ ವಾಲ್ವಿನ ಪೈಪ್ ಕಳಚಿ ಒಂದು ಕ್ಷಣ ತೆರೆದರು, ನೀರು ಕಾರಂಜಿಯಂತೆ ಎದ್ದಿತು. ಬೋಟಿನ ತಳಕ್ಕೆ ಅಂಟುವ ಸುಣ್ಣದ ಚಿಪ್ಪುಗಳು ಅಲ್ಲಿ ಅಡ್ಡ ಕೂತಿಲ್ಲ ಎಂದಾಯಿತು. ಪೈಪನ್ನು ಮತ್ತೆ ಜೋಡಿಸಿ, ಪಂಪಿನ ಹೊರದಾರಿಯ ಪೈಪ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು ಹದಿನೈದೇ ಸೆಕೆಂಡ್ ಓಡಿಸಿದರು. ಅದಕ್ಕಿಂತ ಹೆಚ್ಚು ಓಡಿಸಿದರೆ ನೀರಿಲ್ಲದ ಎಕ್ಸಾಸ್ಟಿನ ರಬ್ಬರ್ ಸುಡುತ್ತದೆ. ನಾಲ್ಕು ಲೀಟರ್ ಬಂತು. ನಿಮಿಷಕ್ಕೆ 16 ಲೀಟರಿನ ಲೆಕ್ಕ; ಅಂದರೆ ಪಂಪು ಗಟ್ಟಿ, ತಡೆ ಇರುವುದು ಪಂಪಿನ ಆಚೆ.

ಆಮೇಲಷ್ಟೇ ಸ್ಪ್ಯಾನರ್ ಹೊರಬಂತು. ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದಾಗ ಸಣ್ಣ ಕೊಳವೆಗಳ ಬಾಯಿಗೆ ಅಡ್ಡಲಾಗಿ ಎರಡು ಎಸಳು ಕಪ್ಪು ಜಿಗಣೆಗಳಂತೆ ಕೂತಿದ್ದವು. ಮೂರನೆಯದು ಅದಕ್ಕಿಂತ ಮೊದಲಿನ ಪೈಪಿನ ತಿರುವಿನಲ್ಲಿ ಸಿಕ್ಕಿತು. ಮೂರನ್ನೂ ಹಳೆಯ ಇಂಪೆಲ್ಲರಿನ ಪಕ್ಕದಲ್ಲಿಟ್ಟು ಲೆಕ್ಕ ಸರಿಹೊಂದಿಸಿದರು. ಕೊಳವೆಗಳ ಕಟ್ಟನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದರು. ಬೆಳಿಗ್ಗೆ ಅದು ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ ಬಿಂದಿಗೆಯಂತೆ ಹೊಳೆಯುತ್ತಿತ್ತು.

ಜೋಡಿಸಿ ಅಳೆದರೆ 52 ಸೆಕೆಂಡ್. ಹಬೆ ಅರ್ಧಕ್ಕಿಳಿದಿತ್ತು. ನಾನು ಸಾಕು ಎಂದೆ. ಅವರು ಸಾಲದು ಎಂದರು. ಎಲ್ಬೋ ಬಿಚ್ಚಿದರೆ ಒಳಗೆ ಮಸಿ ಮತ್ತು ಉಪ್ಪು ಸೇರಿ ಕಲ್ಲಾಗಿ, ನೀರು ಹೊಗೆಗೆ ಸೇರುವ ತೂತಿನಲ್ಲಿ ಕಿರುಬೆರಳೂ ತೂರುತ್ತಿರಲಿಲ್ಲ. ಕೆರೆದು, ಕುಟ್ಟಿ, ತೊಳೆದು ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ ಮೇಲೆ 38 ಸೆಕೆಂಡ್. ಎಲ್ಬೋದ ಆಚೆಯ ರಬ್ಬರ್ ಪೈಪನ್ನು ಮೊದಲು ಮುಟ್ಟಲಾಗುತ್ತಿರಲಿಲ್ಲ, ಈಗ ಕೈ ಇಟ್ಟುಕೊಂಡೇ ಮಾತಾಡಬಹುದು. ಆದರೆ ಎರಕದ ಗೋಡೆ ತೆಳುವಾಗಿದೆ, ಮುಂದಿನ ಮಳೆಗಾಲದೊಳಗೆ ಹೊಸ ಎಲ್ಬೋ ತರಿಸಲೇಬೇಕು ಎಂದು ಎಚ್ಚರಿಸಿದರು. ತರಿಸಲು ಹೇಳಿದ್ದೇನೆ.

ಒಟ್ಟು ಖರ್ಚು 6,200 ರೂಪಾಯಿ, ಎರಡು ದಿನದ ಕೂಲಿ ಸೇರಿ.

ಈಗ ಕಡಿದ ಆ ಒಂದು ಅಂಕ. ಒಂದೂವರೆ ದಿನ ತಡವಾಗಿ ಬಂದದ್ದನ್ನು ಬಂದರಿನ ಮಂದಿ ತಡವೆಂದು ಲೆಕ್ಕಿಸುವುದಿಲ್ಲ, ನಾನು ಲೆಕ್ಕಿಸುತ್ತೇನೆ. ಎರಡು ಬುಕಿಂಗ್ ರದ್ದಾದವು. ಬಿಲ್ ಕೊಡುವುದಿಲ್ಲ, ಕೇಳಿದ ಮೇಲೆ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ ಬರೆದುಕೊಟ್ಟರು. ಎಣ್ಣೆ ಒರೆಸಿದ ಬಟ್ಟೆಯನ್ನು ಹೊಳೆಗೆ ಎಸೆಯಲು ಹೋದಾಗ ತಡೆದು ಬೈದೆ. ನಕ್ಕು ಜೇಬಿಗೆ ಹಾಕಿಕೊಂಡರು. ಎಲ್ಲಕ್ಕಿಂತ ದೊಡ್ಡದು ಇದು: ತಳದ ವಾಲ್ವಿನ ಪೈಪಿಗೆ ಎರಡು ಕ್ಲಿಪ್ ಇದ್ದವು, ಮತ್ತೆ ಜೋಡಿಸುವಾಗ ಒಂದನ್ನೇ ಬಿಗಿದು ಇನ್ನೊಂದನ್ನು ಮರೆತಿದ್ದರು. ನೀರಿನ ಮಟ್ಟಕ್ಕಿಂತ ಕೆಳಗಿನ ಪೈಪ್ ಕಳಚಿದರೆ ಬೋಟೇ ಮುಳುಗುತ್ತದೆ. ಸಂಜೆ ಟಾರ್ಚ್ ಹಿಡಿದು ನೋಡಿದ್ದರಿಂದ ಗೊತ್ತಾಯಿತು, ನಾನೇ ಬಿಗಿದೆ. ಕೆಲಸ ಮುಗಿದ ಮೇಲೆ ನೀವೂ ಒಮ್ಮೆ ನೋಡಿಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಇವರು ನಿಮ್ಮ ಕೈಗೆ ಸಿಗುವುದಿಲ್ಲ. ದಡದಲ್ಲಿ ನಿಂತ ಟ್ರಾಲ್ ಬೋಟುಗಳೆಲ್ಲ ಆಗ ಅವರ ತಲೆಯ ಮೇಲೆ. ಮೇ ತಿಂಗಳ ಮೊದಲ ವಾರದೊಳಗೆ ಅಥವಾ ಆಗಸ್ಟ್ ಕೊನೆಗೆ ಹೋಗಿ, ಬೆಳಿಗ್ಗೆ ಮೀನಿನ ಹರಾಜು ಮುಗಿದ ಮೇಲೆ. ಹರಿದ ಇಂಪೆಲ್ಲರ್ ಇದ್ದರೆ ಎಸೆಯದೆ ಜೊತೆಯಲ್ಲಿ ಒಯ್ಯಿರಿ. ಅವರು ಮೊದಲು ಕೇಳುವುದು ಅದನ್ನೇ.